ದೋಣಿಯ ಯಂತ್ರಕ್ಕೆ ಬಿಸಿನೀರಿನ ಸ್ನಾನ

ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ಯಲಹಂಕದ ಕಡೆಗೆ ಹೊರಟರೆ ನಡುವೆ ಸಿಗುವ ಊರು ಬ್ಯಾಟರಾಯನಪುರ. ನಾನು ಬೆಳೆದದ್ದು ಅಲ್ಲಿ. ಸುತ್ತಮುತ್ತ ಕೆರೆಗಳು: ಒಂದು ಕಡೆ ಅಮೃತಹಳ್ಳಿ, ಅದರಾಚೆ ರಾಚೇನಹಳ್ಳಿ, ಮೇಲ್ಗಡೆ ಜಕ್ಕೂರು, ಕೆಳಗಡೆ ಹೆಬ್ಬಾಳ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಅಂಚಿನ ಕೆಸರಿನಲ್ಲಿ ಕಾಲಿಟ್ಟು ಕಪ್ಪೆಚಿಪ್ಪು ಹೆಕ್ಕುವುದು ನಮ್ಮ ರಜೆಯ ಕೆಲಸವಾಗಿತ್ತು. ಚಿಪ್ಪಿನ ಉಬ್ಬಿದ ಭಾಗವನ್ನು ಕಲ್ಲಿನ ಮೇಲೆ ಉಜ್ಜಿ ತೂತು ಮಾಡಿದರೆ ಮಾವಿನಕಾಯಿಯ ಸಿಪ್ಪೆ ಹೆರೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಬೇರೆ ಇರಲಿಲ್ಲ.

ಆ ಕಪ್ಪೆಚಿಪ್ಪು ನಮ್ಮ ಸಿಹಿನೀರಿನ ಮೃದ್ವಂಗಿಯ ಮನೆ. ಈ ಪ್ರಾಣಿ ಕೆಸರಿನಲ್ಲಿ ಅರ್ಧ ಹೂತುಕೊಂಡು ನೀರನ್ನು ಒಳಗೆಳೆದು, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು, ತಿಳಿಯಾದ ನೀರನ್ನು ಹೊರಗೆ ಬಿಡುತ್ತದೆ. ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಇದರ ದೂರದ ಬಂಧುಗಳಲ್ಲಿ ಕೆಲವು ಹೀಗಲ್ಲ. ಅವು ಕಂಡ ಕಂಡ ಗಟ್ಟಿ ವಸ್ತುವಿಗೆ ಅಂಟಿಕೊಳ್ಳುತ್ತವೆ, ಒಂದರ ಮೇಲೊಂದು ಬೆಳೆಯುತ್ತವೆ, ದೋಣಿ ಹತ್ತಿ ದೇಶಾಂತರ ಹೋಗುತ್ತವೆ. ಅವುಗಳ ಪ್ರಯಾಣವನ್ನು ತಡೆಯಲು ವಿಜ್ಞಾನಿಗಳು ಕಂಡುಕೊಂಡ ಅತ್ಯಂತ ಸರಳ ಉಪಾಯವೆಂದರೆ ಬಿಸಿನೀರು. ಇಂದಿನ ಭಾಷಣದ ವಿಷಯ ಅದೇ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಕೆರೆಗಳ ಕುರಿತ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ಎಂಜಿನ್ ಇರುವ ರಬ್ಬರ್ ದೋಣಿಯೊಂದನ್ನು ಬಾಡಿಗೆಗೆ ತಂದಿದ್ದೆವು. ಬೆಳಿಗ್ಗೆ ಒಂದು ಕೆರೆ, ಮಧ್ಯಾಹ್ನ ಇನ್ನೊಂದು. ಎರಡನೆಯ ಕೆರೆಯ ದಡದಲ್ಲಿ ದೋಣಿಯವನು ಎಂಜಿನ್ನನ್ನು ಓರೆ ಮಾಡಿದಾಗ ಒಳಗಿನಿಂದ ಒಂದು ಚೊಂಬಿನಷ್ಟು ಹಸಿರು ನೀರು ಸುರಿಯಿತು. ಅದರೊಡನೆ ಕಳೆಯ ಒಂದು ಎಸಳು, ಜೊತೆಗೆ ಸಾಸಿವೆಯಷ್ಟು ಚಿಕ್ಕ ಬಸವನಹುಳು. ‘ಈ ನೀರು ಬೆಳಗಿನ ಕೆರೇದಲ್ವೇನಪ್ಪಾ?’ ಎಂದೆ. ‘ಯಾವ ಕೆರೇದಾದ್ರೆ ಏನು ಸಾರ್, ಎಲ್ಲಾ ನೀರೇ ಅಲ್ವಾ?’ ಎಂದ. ಎಲ್ಲರೂ ನಕ್ಕೆವು. ದೋಣಿ ನೀರಿಗಿಳಿಯಿತು, ಚಿತ್ರೀಕರಣ ಮುಗಿಯಿತು. ವಿಜ್ಞಾನದ ಪದವೀಧರನಾದ ನನಗೂ ಆಗ ಅದು ದೊಡ್ಡ ವಿಷಯವೆನಿಸಲಿಲ್ಲ. ಆ ಚೊಂಬು ನೀರಿನಲ್ಲಿ ಏನೇನಿರಬಹುದಿತ್ತು ಎಂಬುದನ್ನು ಯೋಚಿಸಿದ್ದು ಆಮೇಲೆ.

ಈಗ ಅಮೆರಿಕದ ಕಡೆಗೆ ಹೋಗೋಣ. ಆ ದೇಶಕ್ಕೂ ಕೆನಡಾಕ್ಕೂ ನಡುವೆ ಇರುವ ಸೇಂಟ್ ಕ್ಲೇರ್ ಸರೋವರದಲ್ಲಿ 1988ರಲ್ಲಿ ಬೆರಳಿನ ಉಗುರಿನಷ್ಟಿದ್ದ, ಮೈಮೇಲೆ ಪಟ್ಟೆಗಳಿದ್ದ ಒಂದು ಚಿಪ್ಪುಜೀವಿ ಸಿಕ್ಕಿತು. ಪಟ್ಟೆಗಳಿದ್ದುದರಿಂದ ಅದರ ಹೆಸರು ಜೀಬ್ರಾ ಮಸಲ್. ಅದರ ತವರು ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಗಳ ಆಸುಪಾಸು. ಹಡಗುಗಳು ಸಮತೋಲನಕ್ಕಾಗಿ ತಮ್ಮ ಒಡಲಿನಲ್ಲಿ ತುಂಬಿಕೊಳ್ಳುವ ನೀರಿನಲ್ಲಿ ಕುಳಿತು ಅದು ಅಟ್ಲಾಂಟಿಕ್ ಸಾಗರವನ್ನು ದಾಟಿತ್ತು. ಮರುವರ್ಷವೇ, ಅಂದರೆ 1989ರಲ್ಲಿ, ಮಿಷಿಗನ್ ರಾಜ್ಯದ ಮನ್ರೋ ಎಂಬ ಪಟ್ಟಣದಲ್ಲಿ ನಲ್ಲಿಯ ನೀರು ನಿಂತುಹೋಯಿತು. ಸರೋವರದಿಂದ ನೀರು ಎಳೆಯುವ ಕೊಳವೆಗೆ ಈ ಚಿಪ್ಪುಗಳು ಮೆತ್ತಿಕೊಂಡು ದಾರಿಯನ್ನೇ ಮುಚ್ಚಿಬಿಟ್ಟಿದ್ದವು.

ಒಂದು ಹೆಣ್ಣು ಮಸಲ್ ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡಬಲ್ಲದು. ಮೊಟ್ಟೆಯೊಡೆದು ಬರುವ ಮರಿಗೆ ವೆಲಿಜರ್ ಎಂದು ಹೆಸರು. ಅದು ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಎರಡು ಮೂರು ವಾರ ನೀರಿನಲ್ಲಿ ತೇಲಾಡಿ, ಬಳಿಕ ಗಟ್ಟಿಯಾದ ನೆಲೆ ಹುಡುಕಿ, ರೇಷ್ಮೆಯಂಥ ನಾರುಗಳನ್ನು ಸ್ರವಿಸಿ ಅಂಟಿಕೊಳ್ಳುತ್ತದೆ. ಅದಕ್ಕೆ ಬಂಡೆಯೂ ಒಂದೇ, ಕಬ್ಬಿಣವೂ ಒಂದೇ, ಇನ್ನೊಂದು ಚಿಪ್ಪಿನ ಬೆನ್ನೂ ಒಂದೇ. ಅಮೆರಿಕದ ನೀರುಗಳಲ್ಲಿ ನಮ್ಮ ಕಪ್ಪೆಚಿಪ್ಪಿನಂಥ ದೇಶೀ ಜೀವಿಗಳ ಮೇಲೆ ಜೀಬ್ರಾ ಮಸಲ್‌ಗಳು ಗೊಂಚಲು ಗೊಂಚಲಾಗಿ ಹತ್ತಿ ಕುಳಿತು, ಅವು ಬಾಯಿ ತೆರೆಯಲಾಗದೆ, ಆಹಾರ ಸಿಗದೆ ಸಾಯುವಂತೆ ಮಾಡಿದವು.

ಇದರ ಸೋದರ ಸಂಬಂಧಿ ಕ್ವಾಗ್ಗಾ ಮಸಲ್. ಅದು 2007ರ ಜನವರಿಯಲ್ಲಿ ಪಶ್ಚಿಮ ಅಮೆರಿಕದ ಮೀಡ್ ಸರೋವರದಲ್ಲಿ, ಅಂದರೆ ಪ್ರಸಿದ್ಧ ಹೂವರ್ ಅಣೆಕಟ್ಟಿನ ಹಿನ್ನೀರಿನಲ್ಲಿ ಕಂಡುಬಂತು. ಪೂರ್ವದ ಸರೋವರಗಳಿಗೂ ಇದಕ್ಕೂ ನದಿಯ ಸಂಬಂಧವಿಲ್ಲ. ನಡುವೆ ಸಾವಿರಾರು ಕಿಲೋಮೀಟರ್ ಬಯಲು, ಪರ್ವತ, ಮರುಭೂಮಿ. ಹಾಗಾದರೆ ಬಂದದ್ದು ಹೇಗೆ? ಲಾರಿಯ ಹಿಂದೆ ಕಟ್ಟಿಕೊಂಡು ಬಂದ ಯಾವುದೋ ದೋಣಿಯೊಡನೆ ರಸ್ತೆಯ ಮೇಲೆಯೇ ಬಂದಿರಬೇಕೆಂಬುದು ತಜ್ಞರ ಅಭಿಪ್ರಾಯ. ಬೆಳೆದ ಮಸಲ್ ತಂಪಾದ ಒದ್ದೆ ಜಾಗದಲ್ಲಿ ನೀರಿನ ಹೊರಗೂ ಹಲವು ದಿನ ಬದುಕಬಲ್ಲದು. ವೆಲಿಜರ್‌ಗೆ ಎಂಜಿನ್ನಿನ ಒಳಗೆ ಉಳಿದ ಒಂದು ಲೋಟ ನೀರು ಸಾಕು.

ಇಲ್ಲಿ ಎಂಜಿನ್ನಿನ ಒಳಗನ್ನು ಸ್ವಲ್ಪ ನೋಡಬೇಕು. ಕಾರಿನ ಎಂಜಿನ್ನನ್ನು ತಂಪಾಗಿಡಲು ರೇಡಿಯೇಟರ್ ಇರುತ್ತದೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನಿಗೆ ಅದು ಬೇಕಿಲ್ಲ, ಏಕೆಂದರೆ ಸುತ್ತಲೂ ನೀರೇ ಇದೆ. ಕೆಳಭಾಗದಲ್ಲಿರುವ ಜಾಲರಿಯ ಮೂಲಕ ರಬ್ಬರ್ ರೆಕ್ಕೆಗಳ ಪಂಪು ಕೆರೆಯ ನೀರನ್ನು ಮೇಲಕ್ಕೆಳೆಯುತ್ತದೆ. ಆ ನೀರು ಎಂಜಿನ್ನಿನ ಕಾಲುವೆಗಳಲ್ಲಿ ಸುತ್ತಾಡಿ, ಶಾಖ ಹೀರಿಕೊಂಡು ಹೊರಗೆ ಬೀಳುತ್ತದೆ. ಪಂಪು ಕೆಲಸ ಮಾಡುತ್ತಿದೆ ಎಂದು ತೋರಿಸಲು ಪಕ್ಕದಿಂದ ಒಂದು ಸಣ್ಣ ಧಾರೆ ಚಿಮ್ಮುವುದನ್ನು ನೀವು ನೋಡಿರಬಹುದು. ಎಂಜಿನ್ ನಿಂತಾಗ ಬಹುಪಾಲು ನೀರು ಬಸಿದುಹೋಗುತ್ತದೆ. ಆದರೆ ಮೂಲೆ ಮುಡುಕುಗಳಲ್ಲಿ ಒಂದಿಷ್ಟು ಉಳಿಯುತ್ತದೆ. ದೋಣಿಯ ಒಡಲಿನೊಳಗೆ ಕೂರಿಸಿದ ದೊಡ್ಡ ಎಂಜಿನ್ನುಗಳಲ್ಲಿ ಇನ್ನೂ ಹೆಚ್ಚು ಉಳಿಯುತ್ತದೆ.

‘ಎಂಜಿನ್ ಓಡುವಾಗ ಅದೇ ಬಿಸಿಯಾಗುತ್ತದಲ್ಲ, ಮರಿಗಳು ಸಾಯುವುದಿಲ್ಲವೇ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಬಿಸಿಯಾಗುವುದು ಉರಿ ಹತ್ತುವ ಭಾಗದ ಸುತ್ತಮುತ್ತ ಮಾತ್ರ. ನೀರನ್ನು ಒಳಗೆಳೆಯುವ ಜಾಲರಿ, ಪಂಪು, ಕೆಳಗಿನ ಕೊಳವೆ ಇವೆಲ್ಲ ಕೆರೆಯ ನೀರಿನಷ್ಟೇ ತಂಪಾಗಿರುತ್ತವೆ. ದಡ ಸೇರುವ ಮುನ್ನ ಕೊನೆಯ ಗಳಿಗೆಯಲ್ಲಿ ಒಳಗೆ ಬಂದ ನೀರಿಗಂತೂ ಕಾಯಲು ಸಮಯವೇ ಇರುವುದಿಲ್ಲ.

ಇನ್ನು ಬಿಸಿನೀರಿನ ವಿಷಯ. ಕ್ಲೋರಿನ್‌ನಂಥ ರಾಸಾಯನಿಕ ಹಾಕಿದರೆ ಆಗದೇ? ಆಗುತ್ತದೆ, ಆದರೆ ನಿಧಾನ. ಬೆಳೆದ ಮಸಲ್‌ಗೆ ನೀರಿನಲ್ಲಿ ಏನೋ ಕೆಟ್ಟದ್ದಿದೆ ಎಂದು ಗೊತ್ತಾದ ಕೂಡಲೇ ಅದು ಎರಡು ಚಿಪ್ಪುಗಳನ್ನೂ ಬಿಗಿಯಾಗಿ ಮುಚ್ಚಿಕೊಂಡು ದಿನಗಟ್ಟಲೆ ಕಾಯಬಲ್ಲದು. ರಾಸಾಯನಿಕ ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ. ಶಾಖ ಹಾಗಲ್ಲ. ಬಾಗಿಲು ಹಾಕಿಕೊಂಡರೂ ಅದು ಗೋಡೆಯ ಮೂಲಕವೇ ಒಳಗೆ ಬರುತ್ತದೆ. ಜೀವಕೋಶದ ಪ್ರೋಟೀನುಗಳು ಒಂದು ನಿರ್ದಿಷ್ಟ ಆಕಾರದಲ್ಲಿ ಮಡಿಸಿಕೊಂಡಿರುವ ಸರಪಳಿಗಳು. ಶಾಖಕ್ಕೆ ಆ ಮಡಿಕೆ ಬಿಚ್ಚಿಹೋಗುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವುದು ಇದೇ ಕಾರಣಕ್ಕೆ. ಅದನ್ನು ಮತ್ತೆ ಹಸಿಯಾಗಿಸಲು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ಬೆಂದ ಮಸಲ್ ಮತ್ತೆ ಬದುಕುವುದಿಲ್ಲ. ಮೇಲಾಗಿ ಬಿಸಿನೀರು ತಣ್ಣಗಾದರೆ ಬರಿಯ ನೀರು. ವಿಷದ ಶೇಷ ಉಳಿಯುವುದಿಲ್ಲ.

ಎಷ್ಟು ಬಿಸಿ? ಅಮೆರಿಕದ ಪ್ರಯೋಗಗಳಲ್ಲಿ ಕಂಡದ್ದು ಇಷ್ಟು: 60 ಡಿಗ್ರಿ ಸೆಲ್ಸಿಯಸ್ ನೀರು ಹತ್ತು ಸೆಕೆಂಡು ತಾಗಿದರೆ ಮೈಮೇಲೆ ಅಂಟಿಕೊಂಡ ಮಸಲ್‌ಗಳು ಸಾಯುತ್ತವೆ. ಹೆಚ್ಚು ಶಾಖವನ್ನು ತಡೆಯದ ಭಾಗಗಳಿಗೆ ಸುಮಾರು 50 ಡಿಗ್ರಿಯ ನೀರನ್ನು ಎರಡು ನಿಮಿಷಕ್ಕೂ ಹೆಚ್ಚು ಕಾಲ ಹಾಯಿಸುತ್ತಾರೆ. ಉಷ್ಣಾಂಶ ಕಡಿಮೆಯಾದರೆ ಸಮಯ ಹೆಚ್ಚಬೇಕು ಎಂಬುದು ಇಲ್ಲಿನ ಸೂತ್ರ. ಹಾಲು ಕಾಯಿಸುವ ಡೈರಿಯಲ್ಲಿಯೂ ಇದೇ ಸೂತ್ರ ನಡೆಯುತ್ತದೆ.

ಕುದಿಯುವ ನೀರನ್ನೇ ಹಾಕಿಬಿಟ್ಟರೆ ಏನು ತೊಂದರೆ? ಪಂಪಿನ ರಬ್ಬರ್ ರೆಕ್ಕೆ, ಗ್ಯಾಸ್ಕೆಟ್ಟು, ರಬ್ಬರ್ ದೋಣಿಯ ಅಂಟು ಹಾಳಾಗುತ್ತವೆ. ಕೆಲಸ ಮಾಡುವವನ ಕೈ ಸುಡುತ್ತದೆ. 60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಆದ್ದರಿಂದ ಈ ಕೆಲಸವನ್ನು ತರಬೇತಿ ಪಡೆದವರು ಕೈಗವಸು ಹಾಕಿಕೊಂಡೇ ಮಾಡುತ್ತಾರೆ.

ಮಾಡುವ ವಿಧಾನ ಹೀಗಿದೆ. ದೋಣಿಯನ್ನು ದಡದಿಂದ ದೂರ, ತೊಳೆದ ನೀರು ಕೆರೆಗೆ ಮರಳದಂಥ ಜಾಗಕ್ಕೆ ತರುತ್ತಾರೆ. ಎಂಜಿನ್ನಿನ ನೀರೆಳೆಯುವ ಜಾಲರಿಯ ಎರಡೂ ಬದಿಗೆ, ನಾವು ಸ್ಟುಡಿಯೋದಲ್ಲಿ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನಂಥ ಎರಡು ರಬ್ಬರ್ ಬಟ್ಟಲುಗಳನ್ನು ಸಿಕ್ಕಿಸುತ್ತಾರೆ. ಅವಕ್ಕೆ ಬಿಸಿನೀರಿನ ಕೊಳವೆ ಜೋಡಿಸುತ್ತಾರೆ. ಎಂಜಿನ್ನನ್ನು ಗೇರಿಗೆ ಹಾಕದೆ ನಿಧಾನವಾಗಿ ಓಡಿಸಿದರೆ ಅದರ ಪಂಪೇ ಬಿಸಿನೀರನ್ನು ಒಳಗೆಳೆದು ಎಲ್ಲ ಕಾಲುವೆಗಳಿಗೂ ಹಂಚುತ್ತದೆ. ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ಎಂಬ ಕಾವಲುಗಾರನಿರುತ್ತಾನೆ. ಎಂಜಿನ್ ತಣ್ಣಗಿರುವಾಗ ಆತ ಒಳಬಾಗಿಲು ಮುಚ್ಚಿರುತ್ತಾನೆ, ಬಿಸಿಯಾದ ಮೇಲೆ ತೆರೆಯುತ್ತಾನೆ. ಆದ್ದರಿಂದ ತಣ್ಣೀರಿನಲ್ಲಿ ಎಂಜಿನ್ ತೊಳೆದರೆ ಒಳಗಿನ ಕೆಲವು ಕಾಲುವೆಗಳಿಗೆ ನೀರು ಸರಿಯಾಗಿ ಮುಟ್ಟದಿರಬಹುದು.

ಈಗ ಬಹುಮುಖ್ಯವಾದ ಮಾತು. ಉಷ್ಣಾಂಶವನ್ನು ಅಳೆಯಬೇಕಾದದ್ದು ನೀರು ಒಳಗೆ ಹೋಗುವ ಕಡೆಯಲ್ಲ, ಹೊರಗೆ ಬರುವ ಕಡೆ. ಏಕೆ? ಒಂದು ಸಣ್ಣ ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಎಂಜಿನ್ನಿನಲ್ಲಿ 40 ಕಿಲೋಗ್ರಾಂ ಅಲ್ಯುಮಿನಿಯಂ ಇದೆ ಎಂದಿಟ್ಟುಕೊಳ್ಳಿ. ಒಂದು ಕಿಲೋಗ್ರಾಂ ಅಲ್ಯುಮಿನಿಯಂ ಅನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 0.9 ಕಿಲೋಜೂಲ್ ಶಾಖ ಬೇಕು. 25 ಡಿಗ್ರಿಯಿಂದ 60 ಡಿಗ್ರಿಗೆ, ಅಂದರೆ 35 ಡಿಗ್ರಿ ಏರಿಸಲು 40 ಗುಣಿಸು 0.9 ಗುಣಿಸು 35. ಒಟ್ಟು 1260 ಕಿಲೋಜೂಲ್. ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾದರೆ ಬಿಟ್ಟುಕೊಡುವ ಶಾಖ 4.2 ಕಿಲೋಜೂಲ್. 65 ಡಿಗ್ರಿಯಲ್ಲಿ ಒಳಹೋದ ನೀರು 60 ಡಿಗ್ರಿಯಲ್ಲಿ ಹೊರಬಂದರೆ ಪ್ರತಿ ಲೀಟರೂ ಕೊಡುವುದು 21 ಕಿಲೋಜೂಲ್ ಮಾತ್ರ. 1260ನ್ನು 21ರಿಂದ ಭಾಗಿಸಿ. ಅರವತ್ತು ಲೀಟರ್! ಮೊದಮೊದಲು ನೀರು ಇನ್ನೂ ತಣ್ಣಗಾಗಿ ಹೊರಬರುವುದರಿಂದ ಸ್ವಲ್ಪ ಕಡಿಮೆ ಸಾಕಾದೀತು, ಗಾಳಿಗೆ ಸೋರಿಹೋಗುವ ಶಾಖದಿಂದ ಸ್ವಲ್ಪ ಹೆಚ್ಚು ಬೇಕಾದೀತು. ಹೇಗೂ ಒಂದು ಬಕೆಟ್ ಬಿಸಿನೀರು ಹೊಯ್ದು ಕೈ ತೊಳೆದುಕೊಂಡರೆ ಆ ಶಾಖವನ್ನೆಲ್ಲ ಲೋಹವೇ ಕುಡಿದುಬಿಡುತ್ತದೆ. ಮರಿಗಳಿಗೆ ಸಿಗುವುದು ಹಿತವಾದ ಉಗುರುಬೆಚ್ಚಗಿನ ಸ್ನಾನ. ಆದ್ದರಿಂದಲೇ ಹೊರಬರುವ ನೀರು ಗೊತ್ತುಪಡಿಸಿದ ಉಷ್ಣಾಂಶ ಮುಟ್ಟಿದ ಮೇಲಷ್ಟೇ ಗಡಿಯಾರ ನೋಡಲು ಶುರು ಮಾಡಬೇಕು.

ಇದನ್ನು ನೀವೇ ಪರೀಕ್ಷಿಸಬಹುದು. ಅಧ್ಯಾಪಕರ ಎದುರಿನಲ್ಲಿ, ಕಾಲು ಲೀಟರ್ ಬಿಸಿನೀರಿನ ಉಷ್ಣಾಂಶ ಅಳೆದು, ಅದನ್ನು ತಣ್ಣಗಿರುವ ಕಲ್ಲಿನ ಕುಟ್ಟಾಣಿಗೆ ಸುರಿಯಿರಿ. ಎರಡು ನಿಮಿಷದ ನಂತರ ಮತ್ತೆ ಅಳೆಯಿರಿ. ಎಷ್ಟು ಡಿಗ್ರಿ ಇಳಿಯಿತು ಎಂದು ಬರೆದುಕೊಳ್ಳಿ. ಆ ನೀರನ್ನು ಚೆಲ್ಲಿ, ಕೂಡಲೇ ಎರಡನೆಯ ಬಾರಿ ಅಷ್ಟೇ ಬಿಸಿನೀರು ಸುರಿದು ನೋಡಿ. ವ್ಯತ್ಯಾಸ ಏಕೆ ಬಂತೆಂದು ಯೋಚಿಸಿ.

‘ಇದೆಲ್ಲ ಅಮೆರಿಕದ ತಾಪತ್ರಯ, ನಮಗೇನು?’ ಎನ್ನಬಹುದು. ಜೀಬ್ರಾ, ಕ್ವಾಗ್ಗಾಗಳು ನಮ್ಮ ದೇಶಕ್ಕೆ ಬಂದಿಲ್ಲ, ನಿಜ. ಆದರೆ ಇವುಗಳಂಥ ಅತಿಥಿಗಳು ನಮಗೆ ಹೊಸಬರಲ್ಲ. ಮೈಟಿಲಾಪ್ಸಿಸ್ ಎಂಬ, ಮಧ್ಯ ಅಮೆರಿಕದ ಕಡಲತೀರದ ಚಿಪ್ಪುಜೀವಿ 1967ರಲ್ಲೇ ವಿಶಾಖಪಟ್ಟಣದ ಬಂದರಿನಲ್ಲಿ ಕಾಣಿಸಿಕೊಂಡಿತು. ಆಮೇಲೆ ಮುಂಬಯಿಯಲ್ಲೂ ಕಂಡಿತು. ಉಪ್ಪುನೀರು, ಸಪ್ಪೆನೀರು ಎರಡಕ್ಕೂ ಹೊಂದಿಕೊಳ್ಳುವ ಜಾಣ ಅದು. ಅಮೆರಿಕ ಮೂಲದ ಮೈಟೆಲ್ಲಾ ಎಂಬ ಇನ್ನೊಂದು ಮಸಲ್ ಕೇರಳದ ಹಿನ್ನೀರುಗಳಲ್ಲಿ ಹರಡಿರುವುದು 2019ರ ಹೊತ್ತಿಗೆ ವರದಿಯಾಯಿತು. ಅಲ್ಲಿಂದ ನಮ್ಮ ಕರಾವಳಿ ಎಷ್ಟು ದೂರ? ಮೀನುಗಾರಿಕೆಯ ದೋಣಿಗಳಿಗೆ ರಾಜ್ಯದ ಗಡಿ ನೀರಿನ ಮೇಲೆ ಕಾಣುವುದಿಲ್ಲ. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳಿವೆ. 2024ರಲ್ಲಿ ಆ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂಬ ಮನ್ನಣೆ ಪಡೆಯಿತು. ಅಂಥ ಜಾಗಕ್ಕೆ ಹೊರಗಿನ ಮಸಲ್ ಬಂದು ನೆಲೆಸಿದರೆ ಮನ್ನಣೆಯ ಫಲಕ ಉಳಿಯಬಹುದು, ಬುಟ್ಟಿ ತುಂಬದಿರಬಹುದು.

ಬಂದ ಮೇಲೆ ಓಡಿಸಲು ಸಾಧ್ಯವಿಲ್ಲವೇ? ಒಂದೇ ಒಂದು ಪ್ರಸಿದ್ಧ ಗೆಲುವನ್ನು ಹೇಳುತ್ತೇನೆ. ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ ಡಾರ್ವಿನ್ ಎಂಬ ಊರಿದೆ. 1999ರ ಮಾರ್ಚಿನಲ್ಲಿ ಅಲ್ಲಿನ ದೋಣಿ ತಂಗುದಾಣವೊಂದರಲ್ಲಿ ಅದೇ ಮೈಟಿಲಾಪ್ಸಿಸ್ ಸಿಕ್ಕಿತು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ತಪಾಸಣೆಯಲ್ಲಿ ಅದರ ಸುಳಿವೂ ಇರಲಿಲ್ಲ. ಆರೇ ತಿಂಗಳಿನಲ್ಲಿ ಚದರ ಮೀಟರಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು! ಅದೃಷ್ಟಕ್ಕೆ ಆ ತಂಗುದಾಣಗಳಿಗೆ ನೀರು ತಡೆಯುವ ಬಾಗಿಲುಗಳಿದ್ದವು. ಬಾಗಿಲು ಮುಚ್ಚಿ, ಟನ್ನುಗಟ್ಟಲೆ ಕ್ಲೋರಿನ್ ದ್ರಾವಣ ಮತ್ತು ಮೈಲುತುತ್ತ ಸುರಿದು, ಅಲ್ಲಿಂದ ಹೊರಟುಹೋಗಿದ್ದ ದೋಣಿಗಳನ್ನು ಹುಡುಕಿ ಪರೀಕ್ಷಿಸಿ, ಅದನ್ನು ನಿರ್ಮೂಲ ಮಾಡಿದರು. ಖರ್ಚಾದದ್ದು ಇಪ್ಪತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗಿಂತ ಹೆಚ್ಚು. ಆ ನೀರಿನಲ್ಲಿದ್ದ ಬೇರೆ ಜೀವಿಗಳೂ ಸತ್ತವು. ಬಾಗಿಲಿಲ್ಲದ ನದಿಯಲ್ಲಿ, ಕೋಡಿ ಹರಿಯುವ ಕೆರೆಯಲ್ಲಿ ಹೀಗೆ ಮಾಡಲು ಬರುತ್ತದೆಯೇ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ನಮ್ಮ ಹೆಬ್ಬಾಳದ ಕಡೆಗೆ ಬಂದರೆ ಸಾಕು. ನೇರಳೆ ಹೂವಿನ ಒಂದು ಜಲಕಳೆಯನ್ನು ನೀವೆಲ್ಲ ನೋಡಿದ್ದೀರಿ. ಅನೇಕರು ಅದನ್ನೂ ಅಂತರಗಂಗೆ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್. ದಕ್ಷಿಣ ಅಮೆರಿಕದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯಾರೋ ಹೂವಿನ ಚೆಲುವಿಗೆ ಮರುಳಾಗಿ ಬಂಗಾಳಕ್ಕೆ ತಂದರು. ಅದು ದೇಶವನ್ನೆಲ್ಲ ಸುತ್ತಿತು. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕಳೆಯನ್ನು ಮಾತ್ರ ತಿನ್ನುವ, ಅದರ ತವರಿನದೇ ಆದ ಪುಟ್ಟ ಸೊಂಡಿಲು ದುಂಬಿಗಳನ್ನು ಹೆಬ್ಬಾಳದ ಕೆರೆಯೂ ಸೇರಿದಂತೆ ಬೆಂಗಳೂರಿನ ಕೆಲವು ಕೆರೆಗಳಲ್ಲಿ ಬಿಟ್ಟರು. ವರ್ಷಗಳ ತಾಳ್ಮೆಯ ಬಳಿಕ ಕಳೆ ಗಣನೀಯವಾಗಿ ಇಳಿಯಿತು. ಅದು ನಮ್ಮ ನೆಲದಲ್ಲಿ ನಡೆದ ಹೆಮ್ಮೆಯ ಕೆಲಸ. ಆದರೂ ಕೊಳಚೆ ನೀರಿನ ಗೊಬ್ಬರ ಸಿಕ್ಕ ಕಡೆಯಲ್ಲೆಲ್ಲ ಆ ಕಳೆ ಮತ್ತೆ ಮತ್ತೆ ತಲೆಯೆತ್ತುತ್ತಿರುವುದನ್ನು ನಗರದ ಕೆರೆಗಳಲ್ಲಿ ನಾವು ನೋಡುತ್ತಲೇ ಇದ್ದೇವೆ. ಒಮ್ಮೆ ಒಳಗೆ ಬಂದದ್ದನ್ನು ಪೂರ್ತಿ ಕಳುಹಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಹಿರಿಯರು ಕಟ್ಟಿದ ಕೆರೆಗಳು ಬಿಡಿಬಿಡಿಯಾಗಿಲ್ಲ, ಸರಪಳಿಯಾಗಿವೆ. ಜಕ್ಕೂರು ಕೆರೆಯ ಹೆಚ್ಚುವರಿ ನೀರು ರಾಚೇನಹಳ್ಳಿಗೆ ಇಳಿಯುತ್ತದೆ, ಅಲ್ಲಿಂದ ಮುಂದಕ್ಕೆ ಸಾಗುತ್ತದೆ. ಮೇಲಿನ ಕೆರೆಗೆ ಬಂದ ಅತಿಥಿಗೆ ಕೆಳಗಿನ ಕೆರೆಗೆ ಹೋಗಲು ದೋಣಿಯೂ ಬೇಕಿಲ್ಲ, ಒಂದು ಒಳ್ಳೆಯ ಮಳೆ ಸಾಕು. ಆದರೆ ಕೆಳಗಿನಿಂದ ಮೇಲಕ್ಕೆ, ಒಂದು ನದಿಯ ಕಣಿವೆಯಿಂದ ಇನ್ನೊಂದು ಕಣಿವೆಗೆ ಅದನ್ನು ಹೊತ್ತೊಯ್ಯುವವರು ನಾವೇ. ವಿಹಾರದ ದೋಣಿ, ಸಾಹಸ ಕ್ರೀಡೆಯ ದೋಣಿ, ಮೀನಿನ ಬಲೆ ಎಲ್ಲವೂ ಊರಿಂದ ಊರಿಗೆ ಹೋಗುತ್ತವೆ. 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಗಳಿಂದ ಹಿಡಿದು ಕೊಡಗಿನವರೆಗೆ ನೆರೆ ಬಂದಾಗ ಜನರನ್ನು ಕಾಪಾಡಲು ರಬ್ಬರ್ ದೋಣಿಗಳು ಓಡಾಡಿದವು. ಜೀವ ಉಳಿಸುವ ಹೊತ್ತಿನಲ್ಲಿ ಎಂಜಿನ್ ತೊಳೆಯುತ್ತ ಕೂರಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ನೆರೆ ಇಳಿದ ಮೇಲೆ, ದೋಣಿ ಉಗ್ರಾಣಕ್ಕೆ ಹೋಗುವ ಮುನ್ನ ಅದಕ್ಕೆ ಬಿಡುವಿರುತ್ತದೆ.

ಬಿಸಿನೀರಿನ ಯಂತ್ರ ಎಲ್ಲ ಕಡೆ ಇರುವುದಿಲ್ಲ, ಒಪ್ಪುತ್ತೇನೆ. ಅದಿಲ್ಲದ ಕಡೆ ಮೂರು ಕೆಲಸವನ್ನು ಯಾರು ಬೇಕಾದರೂ ಮಾಡಬಹುದು: ಮೈಗೆ ಹತ್ತಿದ ಕೆಸರು, ಕಳೆಯನ್ನು ತೆಗೆದು ತೊಳೆಯುವುದು, ದೋಣಿಯ ತಳ ಮತ್ತು ಎಂಜಿನ್ನಿನ ನೀರನ್ನು ಅದೇ ಕೆರೆಯ ದಡದಲ್ಲಿ ಪೂರ್ತಿ ಬಸಿಯುವುದು, ಮುಂದಿನ ಕೆರೆಗೆ ಇಳಿಸುವ ಮುನ್ನ ಬಿಸಿಲಿನಲ್ಲಿ ಹಲವು ದಿನ ಒಣಗಿಸುವುದು. ನಮ್ಮ ಬಿಸಿಲು ಧಾರಾಳವಾಗಿದೆ, ಅದಕ್ಕೆ ಬಾಡಿಗೆಯೂ ಇಲ್ಲ. ಆತುರವಿದ್ದವರಿಗೆ, ಇಂದೇ ಇನ್ನೊಂದು ನೀರಿಗೆ ಇಳಿಯಬೇಕಾದವರಿಗೆ ಬಿಸಿನೀರು. ಹಾಗೆಯೇ ಮನೆಯ ಗಾಜಿನ ತೊಟ್ಟಿಯ ಮೀನು, ಬಸವನಹುಳು, ಗಿಡ ಯಾವುದನ್ನೂ ಕನಿಕರದಿಂದಾದರೂ ಕೆರೆಗೆ ಬಿಡಬೇಡಿ.

ಆ ದೋಣಿಯವನ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ಇಂದು ಅವನು ಎದುರಿಗೆ ಸಿಕ್ಕಿದರೆ ಹೇಳುತ್ತೇನೆ: ‘ಎಲ್ಲಾ ನೀರೇ ನಿಜ ಕಣಪ್ಪಾ, ಆದರೆ ನೀರೊಳಗಿರೋರು ಬೇರೆ ಬೇರೆ.’ ಮುಂದಿನ ಸಲ ಕೆರೆಯ ದಡಕ್ಕೆ ಹೋದಾಗ ಅಲ್ಲಿ ಸಿಗುವ ಕಪ್ಪೆಚಿಪ್ಪನ್ನು ಕೈಯಲ್ಲಿ ಹಿಡಿದು ನೋಡಿ. ಅದರ ಬೆನ್ನು ಇನ್ನೂ ಬರಿದಾಗಿದೆ, ಯಾರೂ ಅದರ ಮೇಲೆ ಹತ್ತಿ ಕುಳಿತಿಲ್ಲ. ಅದು ಹಾಗೆಯೇ ಇರಲಿ.